ಬ್ಯಾಟರಿ ಹೊಸದು, ಕಾಯಿಲೆ ಹಳೆಯದು

ಬೆಳಿಗ್ಗೆ ಕಾರು ಸ್ಟಾರ್ಟ್ ಆಗದಿದ್ದರೆ ನಾವೆಲ್ಲ ಮೊದಲು ಬೈಯುವುದು ಬ್ಯಾಟರಿಯನ್ನು. ಪಾಪ, ಅದಕ್ಕೆ ಬಾಯಿದ್ದಿದ್ದರೆ ಎಷ್ಟೋ ಸಲ ‘ತಪ್ಪು ನನ್ನದಲ್ಲ’ ಎನ್ನುತ್ತಿತ್ತು. ಈಚೆಗೆ ನಮ್ಮ ಮೊಳಕಾಲ್ಮೂರಿನಲ್ಲಿ ನಡೆದ ಒಂದು ಪ್ರಸಂಗ ಹೇಳುತ್ತೇನೆ. ಹತ್ತನೆಯ ತರಗತಿಯ ವಿದ್ಯಾರ್ಥಿಗಳು ಇದನ್ನು ವಿದ್ಯುತ್ತಿನ ಪಾಠ ಪಕ್ಕದಲ್ಲಿಟ್ಟುಕೊಂಡು ಓದಬಹುದು. ಹಳೆಯ ಕಾರಿರುವ ತಂದೆತಾಯಿಯರು ಜೇಬು ಮುಟ್ಟಿ ನೋಡಿಕೊಂಡು ಓದಬಹುದು!

ನನ್ನ ವಿದ್ಯಾರ್ಥಿನಿಯೊಬ್ಬಳ ತಂದೆ ರೇಷ್ಮೆ ಸೀರೆ ನೇಯುವವರು. ಅವರ ಮನೆಯಲ್ಲಿ 1990ರ ದಶಕದ ಅಂಬಾಸಿಡರ್ ಕಾರೊಂದಿದೆ. ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ಈ ಕಾರಿನ ತಯಾರಿಕೆ 2014ರಲ್ಲೇ ನಿಂತುಹೋಯಿತು. ಆದರೂ ಅವರು ಅದನ್ನು ಮಾರಿಲ್ಲ. ಮನೆಯಲ್ಲಿ ಅಜ್ಜಿಗೆ ಉಬ್ಬಸ. ರಾತ್ರಿ ಹೊತ್ತು ಜೋರಾದರೆ ಬಳ್ಳಾರಿಯ ಆಸ್ಪತ್ರೆಗೆ ಕರೆದೊಯ್ಯಲು ಆ ಕಾರೇ ಗತಿ.

ಒಂದು ರಾತ್ರಿ ಹೀಗೆಯೇ ಹೋಗಿ ಬಂದರು. ಮಾರನೆಯ ಬೆಳಿಗ್ಗೆ ಕಾರು ಏಳಲಿಲ್ಲ. ಬ್ಯಾಟರಿ ಹೇಗೂ ಹಳೆಯದು ಎಂದು ಹೊಸದನ್ನೇ ತಂದು ಹಾಕಿದರು. ಮೂರು ವಾರ ಸರಿಯಿತ್ತು. ಮತ್ತೆ ಅದೇ ಕತೆ. ಅಂಗಡಿಯವರು ಬ್ಯಾಟರಿಯನ್ನು ಚಾರ್ಜ್ ಮಾಡಿ, ‘ಇದರಲ್ಲೇನೂ ದೋಷವಿಲ್ಲ’ ಎಂದು ಹಿಂದಕ್ಕೆ ಕೊಟ್ಟರು. ಮೆಕ್ಯಾನಿಕ್ ಆಲ್ಟರ್ನೇಟರ್ ನೋಡಿ, ‘ಇದೂ ಚೆನ್ನಾಗಿದೆ’ ಎಂದ. ಎಲ್ಲವೂ ಚೆನ್ನಾಗಿದೆ, ಕಾರು ಮಾತ್ರ ಏಳುವುದಿಲ್ಲ! ಕೊನೆಗೆ ಗುಜರಿಗೆ ಹಾಕುವ ಮಾತು ಬಂತು. ನನ್ನನ್ನು ಕೇಳಿದಾಗ ನಾನೂ, ‘ಬ್ಯಾಟರಿಯೇ ಕಳಪೆ ಇರಬೇಕು’ ಎಂದುಬಿಟ್ಟೆ. ವಿಜ್ಞಾನದ ಮೇಷ್ಟ್ರು ಅಳೆಯದೆ ಆಡಿದ ಮಾತು ಅದು.

ದಾರಿ ತೋರಿಸಿದವಳು ಆ ಹುಡುಗಿ. “ಸಾರ್, ಹಗಲು ಚಳ್ಳಕೆರೆಗೋ ರಾಯದುರ್ಗಕ್ಕೋ ಹೋಗಿ ಬಂದ್ರೆ ಮಾರನೇ ದಿನ ಸ್ಟಾರ್ಟ್ ಆಗುತ್ತೆ. ರಾತ್ರಿ ಹೋಗಿ ಬಂದ್ರೆ ಮಾತ್ರ ಆಗಲ್ಲ. ಇನ್ನೊಂದು ಸಾರ್, ರಾತ್ರಿ ಓಡಿಸುವಾಗ ಮೀಟರಿನ ಹತ್ತಿರ ಒಂದು ಕೆಂಪು ದೀಪ ಸಣ್ಣಗೆ ಕಾಣುತ್ತೆ, ಬೂದಿ ಮುಚ್ಚಿದ ಕೆಂಡದ ಹಾಗೆ.”

ಹಗಲಿಗೂ ರಾತ್ರಿಗೂ ಕಾರಿನಲ್ಲಿರುವ ವ್ಯತ್ಯಾಸವೇನು? ದೀಪಗಳು! ಮುಂದಿನ ಕಥೆಯೆಲ್ಲ ಈ ಒಂದು ಪ್ರಶ್ನೆಯಿಂದ ಬಿಚ್ಚಿಕೊಂಡಿತು.

ಮೊದಲು ವ್ಯವಸ್ಥೆಯನ್ನು ತಿಳಿಯೋಣ. ಬ್ಯಾಟರಿ ಎಂದರೆ ಬಾವಿಯಲ್ಲ, ಮನೆಯ ಮೇಲಿನ ತೊಟ್ಟಿ. ತೊಟ್ಟಿಗೆ ನೀರೆತ್ತುವ ಪಂಪು ಆಲ್ಟರ್ನೇಟರ್. ಎಂಜಿನ್ ತಿರುಗಿದಾಗ ಬೆಲ್ಟಿನ ಮೂಲಕ ಇದೂ ತಿರುಗಿ ವಿದ್ಯುತ್ ಉತ್ಪಾದಿಸುತ್ತದೆ. 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಹಿಡಿದ ವಿದ್ಯುತ್ಕಾಂತೀಯ ಪ್ರೇರಣೆಯೇ ಇದರ ಮೂಲ. ಇನ್ನೂ ಹಳೆಯ ಕಾರುಗಳಲ್ಲಿ ಈ ಕೆಲಸವನ್ನು ಡೈನಮೋ ಮಾಡುತ್ತಿತ್ತು. ಬ್ಯಾಟರಿಯಾದರೋ 1859ರಲ್ಲಿ ಗ್ಯಾಸ್ಟನ್ ಪ್ಲಾಂಟೆ ರೂಪಿಸಿದ ಸೀಸ-ಆಮ್ಲ ಕೋಶದ ವಂಶದ್ದು. ಅದರಲ್ಲಿರುವ ಆರು ಕೋಶಗಳಲ್ಲಿ ಪ್ರತಿಯೊಂದೂ ಸುಮಾರು 2.1 ವೋಲ್ಟ್, ಪೂರ್ತಿ ತುಂಬಿ ವಿಶ್ರಾಂತಿಯಲ್ಲಿದ್ದಾಗ ಒಟ್ಟು 12.6 ವೋಲ್ಟ್. ಅದನ್ನು ತುಂಬಿಸಲು ಇದಕ್ಕಿಂತ ಹೆಚ್ಚಿನ ಒತ್ತಡ ಬೇಕಲ್ಲವೆ? ಆದ್ದರಿಂದ ಎಂಜಿನ್ ಓಡುವಾಗ ಬ್ಯಾಟರಿಯ ಎರಡು ತುದಿಗಳ ನಡುವೆ 13.8ರಿಂದ 14.4 ವೋಲ್ಟ್ ಇರಬೇಕು.

ಭಾನುವಾರ ಬೆಳಿಗ್ಗೆ ಶಾಲೆಯ ಮಲ್ಟಿಮೀಟರ್ ಹಿಡಿದು ಅವರ ಮನೆಗೆ ಹೋದೆ. ಎಂಜಿನ್ ನಿಂತಿದ್ದಾಗ ಬ್ಯಾಟರಿ ತೋರಿಸಿದ್ದು 12.1 ವೋಲ್ಟ್, ಅಂದರೆ ತೊಟ್ಟಿ ಹೆಚ್ಚುಕಡಿಮೆ ಅರ್ಧ ಖಾಲಿ. ಬೆಲ್ಟನ್ನು ನಡುವೆ ಹೆಬ್ಬೆರಳಿನಿಂದ ಒತ್ತಿ ನೋಡಿದೆವು; ಸಡಿಲವಿರಲಿಲ್ಲ. ಎಂಜಿನ್ ಓಡಿಸಿ, ಹೆಡ್‌ಲೈಟ್ ಹಾಕಿ, ಮತ್ತೆ ಅಳೆದೆವು. ಆಲ್ಟರ್ನೇಟರ್ ಬಾಯಲ್ಲಿ 14.2 ವೋಲ್ಟ್, ಬ್ಯಾಟರಿಯಲ್ಲಿ ಬರೀ 12.7!

“ಸಾರ್, ಎರಡಕ್ಕೂ ನಡುವೆ ಇರೋದು ತಂತಿ ತಾನೆ? ತಂತಿಯ ಎರಡು ತುದಿಗೂ ಒಂದೇ ವೋಲ್ಟೇಜ್ ಇರಬೇಕಲ್ವಾ?” ಎಂದಳು ಹುಡುಗಿ. ಕರಿಹಲಗೆಯ ಮೇಲೆ ನಾನು ಎಳೆಯುವ ಗೆರೆಗೆ ರೋಧವೇ ಇಲ್ಲ. ಮೂವತ್ತು ವರ್ಷ ಹಾಗೆಯೇ ಪಾಠ ಮಾಡಿದ್ದೇನೆ. ಆದರೆ ನಿಜವಾದ ತಂತಿಗೆ ರೋಧವಿದೆ, ಅದರ ಬೆಸುಗೆಗೆ, ಬೋಲ್ಟಿಗೆ, ಕಿಲುಬಿಗೆ ಕೂಡ ಇದೆ. ಪಂಪು ಸರಿ, ತೊಟ್ಟಿ ಸರಿ. ನಡುವಿನ ಪೈಪು ಕಟ್ಟಿಕೊಂಡಿದೆ ಎಂದಾಯಿತು.

ಈಗ ಮೀಟರಿನ ಒಂದು ಕಡ್ಡಿಯನ್ನು ತಂತಿಯ ಈ ತುದಿಗೆ, ಇನ್ನೊಂದನ್ನು ಆ ತುದಿಗೆ ಇಟ್ಟು ಹಂತ ಹಂತವಾಗಿ ಅಳೆದೆವು. ಆಲ್ಟರ್ನೇಟರಿನ ಮೈಯಿಂದ ಬ್ಯಾಟರಿಯ ಋಣ ತುದಿಗೆ 0.1 ವೋಲ್ಟ್. ಧನ ಭಾಗದ ಉದ್ದನೆಯ ತಂತಿಯಲ್ಲಿ 0.1. ಆ ತಂತಿ ಸ್ಟಾರ್ಟರ್ ಸ್ವಿಚ್ಚಿನ ಬೋಲ್ಟಿಗೆ ಸೇರುವ ಜಾಗದಲ್ಲಿ 1.2! ಅಲ್ಲಿಂದ ಬ್ಯಾಟರಿಗೆ ಮತ್ತೆ 0.1. ಕೂಡಿದರೆ ಸರಿಯಾಗಿ 1.5; ಕಳೆದುಹೋಗಿದ್ದ ಲೆಕ್ಕವೆಲ್ಲ ಸಿಕ್ಕಿತು.

ಎಂಜಿನ್ ನಿಲ್ಲಿಸಿ, ಬ್ಯಾಟರಿಯ ಋಣ ತಂತಿ ಬಿಚ್ಚಿ, ಆ ಜಾಗ ನೋಡಿದೆವು. ತಂತಿಯ ತುದಿಗೆ ತಿಂಬಲ್ ಎನ್ನುವ ಲೋಹದ ಬಳೆ ಇರುತ್ತದಲ್ಲ, ಅದರೊಳಗೆ ಹಸಿರು ಕಿಲುಬು. ಬಹುಪಾಲು ಎಳೆಗಳು ತುಂಡಾಗಿ, ನಾಲ್ಕೈದು ಮಾತ್ರ ಹಿಡಿದುಕೊಂಡಿದ್ದವು. ಹೊದಿಕೆ ಸುಟ್ಟು ಕಂದಾಗಿತ್ತು.

ಲೆಕ್ಕ ಮಾಡಿ ನೋಡಿ. ಎರಡು ಹೆಡ್‌ಲೈಟುಗಳು 55 ವಾಟಿನಂತೆ 110 ವಾಟ್. ಅದಕ್ಕೆ ಸುಮಾರು 9 ಆಂಪಿಯರ್. ಹಿಂದಿನ ದೀಪ, ಇಗ್ನಿಷನ್, ಬ್ಯಾಟರಿಗೆ ಹೋಗುವ ಚೂರುಪಾರು ಎಲ್ಲ ಸೇರಿ 15 ಆಂಪಿಯರ್ ಎನ್ನೋಣ. ಓಮನ ನಿಯಮದಂತೆ ಆ ಕೀಲಿನ ರೋಧ 1.2 ಭಾಗಿಸು 15, ಅಂದರೆ 0.08 ಓಮ್. ಎಷ್ಟು ಅಲ್ಪ! ಆದರೆ ಅಲ್ಲಿ ಹುಟ್ಟುವ ಶಾಖ 1.2 ಗುಣಿಸು 15, ಅಂದರೆ 18 ವಾಟ್. ರೇಡಿಯೋ ರಿಪೇರಿಯವರ ಬೆಸುಗೆ ಕಡ್ಡಿ ಸಾಮಾನ್ಯವಾಗಿ 25 ವಾಟಿನದು. ಹತ್ತಿರ ಹತ್ತಿರ ಅಂಥದೊಂದು ಕಡ್ಡಿ ಪೆಟ್ರೋಲಿನ ಎಂಜಿನ್ ಪಕ್ಕದಲ್ಲಿ ರಾತ್ರಿಯಿಡೀ ಕಾಯುತ್ತಿತ್ತು. ಹಿಂದಿನ ಸೀಟಿನಲ್ಲಿ ಅಜ್ಜಿ ಮಲಗಿದ್ದರು. ಹೊಸ ಬ್ಯಾಟರಿಯ ಹಣ ಹೋದದ್ದು ಸಣ್ಣ ಮಾತು ಎಂದು ಅವರ ಮಗನಿಗೆ ಆಗ ಅನ್ನಿಸಿತು.

ಹಗಲು ದೀಪಗಳಿಲ್ಲ, ಪ್ರವಾಹ ಕಡಿಮೆ. ಕೀಲಿನಲ್ಲಿ ನಷ್ಟವೂ ಕಡಿಮೆ, ಬ್ಯಾಟರಿ ಅಷ್ಟಿಷ್ಟು ತುಂಬುತ್ತಿತ್ತು. ರಾತ್ರಿ ದೀಪಗಳು ಎಲ್ಲವನ್ನೂ ಕುಡಿದು ಬ್ಯಾಟರಿಗೆ ಏನೂ ಉಳಿಯುತ್ತಿರಲಿಲ್ಲ. ಕೆಂಪು ದೀಪದ ಗುಟ್ಟೂ ಇಷ್ಟೇ. ಅದರ ಒಂದು ತುದಿ ಆಲ್ಟರ್ನೇಟರ್ ಕಡೆಗೆ, ಇನ್ನೊಂದು ತುದಿ ಬ್ಯಾಟರಿ ಕಡೆಗೆ. ಎರಡೂ ಸಮವಿದ್ದರೆ ದೀಪ ಆರಿರುತ್ತದೆ. ಒಂದೂವರೆ ವೋಲ್ಟ್ ವ್ಯತ್ಯಾಸ ಬಂದರೆ ಕತ್ತಲಲ್ಲಿ ಮಾತ್ರ ಕಾಣುವಷ್ಟು ಮಿಣುಕುತ್ತದೆ.

ಮೆಕ್ಯಾನಿಕ್ಕನ ಕಣ್ಣಿಗೆ ಇದು ಬೀಳದೇ ಹೋದದ್ದೇಕೆ? ಅವನು ಟೆಸ್ಟ್ ಲ್ಯಾಂಪ್ ಹಿಡಿದು ನೋಡಿದ್ದ, ಅದು ಚೆನ್ನಾಗಿಯೇ ಉರಿದಿತ್ತು. ಐದು ವಾಟಿನ ದೀಪ ಎಳೆಯುವುದು ಅರ್ಧ ಆಂಪಿಯರಿಗೂ ಕಡಿಮೆ. ಅಷ್ಟಕ್ಕೆ ನಾಲ್ಕು ಎಳೆ ಸಾಕು. ತೂತು ಸೇತುವೆಯ ಮೇಲೆ ಬೆಕ್ಕು ದಾಟಿದರೆ ಲಾರಿಯೂ ದಾಟೀತೆ? ಹೊರೆ ಹಾಕಿದಾಗಲೇ ದೋಷ ಬಾಯಿ ಬಿಡುವುದು.

ತಂತಿಯ ಕೆಟ್ಟ ತುದಿ ಕತ್ತರಿಸಿ, ಹೊಸ ತಿಂಬಲ್ ಹಾಕಿಸಿ, ಬೋಲ್ಟ್ ಉಜ್ಜಿ ಬಿಗಿ ಮಾಡಿಸಿದ ಮೇಲೆ ಬ್ಯಾಟರಿಯಲ್ಲಿ 14 ವೋಲ್ಟ್ ಬಂತು. ಆಗ ಹುಡುಗಿಯ ತಂದೆ ಹೇಳಿದ ಮಾತು ನನಗೆ ಮರೆಯದು: “ಹಾಸಿನಲ್ಲಿ ಒಂದು ಎಳೆ ತುಂಡಾದ್ರೆ ನಾವೇನು ಮಗ್ಗ ಮಾರ್ತೀವಾ ಮೇಷ್ಟ್ರೇ? ಎಳೆ ಹುಡುಕಿ ಗಂಟು ಹಾಕ್ತೀವಿ. ಈ ಕಾರಿನ ವಿಷಯದಲ್ಲಿ ಅದು ಹೊಳೀಲೇ ಇಲ್ಲ ನೋಡಿ.”

ತಂದೆತಾಯಿಯರಿಗೆ ಮೂರು ಎಚ್ಚರಿಕೆ. ಚಾರ್ಜ್ ಆಗುವ ಬ್ಯಾಟರಿಯಿಂದ ಹೈಡ್ರೋಜನ್ ಅನಿಲ ಬರುತ್ತದೆ. ಬೀಡಿ, ಬೆಂಕಿಕಡ್ಡಿ ಹತ್ತಿರ ಬೇಡ. ಎಂಜಿನ್ ಓಡುವಾಗ ಬ್ಯಾಟರಿಯ ತಂತಿ ಕಿತ್ತು ಪರೀಕ್ಷಿಸುವ ಹಳೆಯ ಪದ್ಧತಿಯನ್ನು ಆಲ್ಟರ್ನೇಟರ್ ಇರುವ ಕಾರಿನಲ್ಲಿ ಅನುಸರಿಸಲೇಬೇಡಿ. ಅದರ ಡಯೋಡುಗಳು ಸುಟ್ಟುಹೋಗಬಹುದು. ಓಡುವ ಬೆಲ್ಟಿನ ಹತ್ತಿರ ಮಕ್ಕಳ ಜಡೆ, ದುಪಟ್ಟಾ ಸುಳಿಯದಿರಲಿ.

ವಿದ್ಯಾರ್ಥಿಗಳಿಗೆ ಈ ವಾರದ ಕೆಲಸ: ಮನೆಯಲ್ಲಿ ಮಂಕಾಗಿ ಉರಿಯುವ ಹಳೆಯ ಟಾರ್ಚ್ ಇದ್ದರೆ ಸೆಲ್ ಬದಲಿಸುವ ಮೊದಲು ಅದನ್ನು ಉರಿಸಿಟ್ಟು, ಸ್ವಿಚ್ಚಿನ ಎರಡು ತುದಿಗಳ ನಡುವೆ ವೋಲ್ಟೇಜ್ ಅಳೆಯಿರಿ. ನಂತರ ತಳದ ಸ್ಪ್ರಿಂಗಿನಲ್ಲೂ ಅಳೆಯಿರಿ. ಸೊನ್ನೆಯ ಹತ್ತಿರ ಇರಬೇಕಾದ ಕಡೆ ಅರ್ಧ ವೋಲ್ಟ್ ಕಂಡರೆ ಅಲ್ಲಿ ಉಜ್ಜಿ, ಮತ್ತೆ ಅಳೆದು, ಎರಡೂ ಅಂಕಿಗಳನ್ನು ಬರೆದಿಡಿ. ಗೋಡೆಯ ಸ್ವಿಚ್ಚಿನ ಮೇಲೆ ಮಾತ್ರ ಈ ಪ್ರಯೋಗ ಖಂಡಿತ ಬೇಡ.