ಡೈವ್ ಕಂಪ್ಯೂಟರ್‌ಗೆ ನಮ್ಮ ಘಟ್ಟ ಗೊತ್ತಿದೆಯೇ?

ಮುರ್ಡೇಶ್ವರದ ದಡದಿಂದ ಸುಮಾರು 19 ಕಿ.ಮೀ. ದೂರದ ನೇತ್ರಾಣಿ ದ್ವೀಪ ಈಗ ನಮ್ಮ ಜಿಲ್ಲೆಯವರಿಗೆ ಹೊಸದಲ್ಲ. ಇನ್‌ಸ್ಟ್ರಕ್ಟರ್ ಕೈ ಹಿಡಿದು ಅಲ್ಲಿ ಒಮ್ಮೆ ನೀರಿಗಿಳಿದು, ಫೋಟೋ ತೆಗೆಸಿಕೊಂಡು ಬಂದವರು ಶಿರಸಿ, ಸಿದ್ದಾಪುರ, ಯಲ್ಲಾಪುರದ ನಮ್ಮ ಗೆಳೆಯರಲ್ಲೂ ಇದ್ದಾರೆ. ಕೆಲವರಿಗೆ ಅಷ್ಟಕ್ಕೇ ತೃಪ್ತಿ ಇಲ್ಲ. ಕೋರ್ಸ್ ಮೇಲೆ ಕೋರ್ಸ್ ಮಾಡಿ ಟೆಕ್ನಿಕಲ್ ಡೈವಿಂಗ್‌ವರೆಗೆ ಹೋಗಬೇಕು ಅನ್ನೋ ಆಸೆ. ಆಗ ಬರುವ ಪ್ರಶ್ನೆ: ಯಾವ ಡೈವ್ ಕಂಪ್ಯೂಟರ್ ತಗೊಳ್ಳೋದು?

ಚರ್ಚೆ ಶುರುವಾಗೋದು ಸ್ಕ್ರೀನ್ ಎಷ್ಟು ಚೆನ್ನಾಗಿದೆ, ವಾಚ್ ಥರ ಕಾಣುತ್ತಾ, ಬ್ಲೂಟೂತ್ ಇದೆಯಾ ಎಂಬಲ್ಲಿಂದ. ನಾವು ಹೇಳೋದು ಬೇರೆ. ಒಳಗೆ ನಡೆಯುವ ಲೆಕ್ಕ ಯಾವುದು, ಅದು ನಮಗೆ ಅರ್ಥ ಆಗುತ್ತಾ ಎಂಬುದೇ ಮೊದಲ ಪ್ರಶ್ನೆಯಾಗಬೇಕು. ಘಟ್ಟದ ಮೇಲಿನವರಾದ ನಮಗಂತೂ ಇದು ಇನ್ನೂ ಮುಖ್ಯ.

ಲೆಕ್ಕ ದೊಡ್ಡ ರಹಸ್ಯವೇನಲ್ಲ. ಆಳಕ್ಕೆ ಹೋದಂತೆ ಒತ್ತಡ ಹೆಚ್ಚಿ, ಉಸಿರಾಡಿದ ಗಾಳಿಯ ನೈಟ್ರೋಜನ್ ರಕ್ತ, ಮಾಂಸಖಂಡಗಳಲ್ಲಿ ಕರಗುತ್ತದೆ. ಬೇಗ ಮೇಲೆ ಬಂದರೆ ಗೋಲಿ ಸೋಡಾ ಒಡೆದ ಹಾಗೆ ಗುಳ್ಳೆ ಏಳುತ್ತದೆ. 1908ರಲ್ಲಿ ಹಾಲ್ಡೇನ್ ಆಡುಗಳ ಮೇಲೆ ಪ್ರಯೋಗ ಮಾಡಿ ಮೊದಲ ಕೋಷ್ಟಕ ಕೊಟ್ಟರು. ಜ್ಯೂರಿಕ್‌ನ ಆಲ್ಬರ್ಟ್ ಬ್ಯೂಲ್ಮನ್ ಅದನ್ನು ಬೆಳೆಸಿ, ದೇಹವನ್ನು 16 ಕೋಣೆಗಳಾಗಿ ಭಾವಿಸಿದರು. ಪ್ರತಿ ಕೋಣೆಯೂ ಒಂದು ಆರ್‌ಸಿ ಸರ್ಕ್ಯೂಟ್ ಇದ್ದಂತೆ. ಅತಿ ವೇಗದ್ದು 4 ನಿಮಿಷಕ್ಕೆ ಅರ್ಧ ತುಂಬುತ್ತದೆ, ಅತಿ ನಿಧಾನದ್ದು 635 ನಿಮಿಷಕ್ಕೆ. ಪ್ರತಿ ಕೋಣೆ ಎಷ್ಟು ಹೆಚ್ಚಿನ ಒತ್ತಡ ತಾಳಬಹುದು ಎಂಬುದಕ್ಕೂ ಸಂಖ್ಯೆಗಳಿವೆ. ಎಲ್ಲವೂ ಪ್ರಕಟವಾಗಿವೆ. ಎರಡನೇ ವರ್ಷದ ಹುಡುಗರು ಪೈಥಾನ್‌ನಲ್ಲಿ ಒಂದು ಸಂಜೆಗೆ ಬರೆಯಬಹುದಾದ ಪ್ರೋಗ್ರಾಂ ಅದು.

ಸಾಮಾನ್ಯ ಡೈವ್‌ನಲ್ಲಿ ತೊಂದರೆಯಾದರೆ ನಿಧಾನವಾಗಿ ನೇರ ಮೇಲೆ ಬರಬಹುದು. ಟೆಕ್ನಿಕಲ್ ಡೈವ್‌ನಲ್ಲಿ ಹಾಗಾಗಲ್ಲ. ದಾರಿಯಲ್ಲಿ ನಿಂತು ನಿಂತು ಬರಲೇಬೇಕು, ಅನಿಲಗಳನ್ನೂ ಬದಲಿಸಬೇಕು: ಆಳದಲ್ಲಿ ಹೀಲಿಯಂ ಬೆರೆಸಿದ ಟ್ರೈಮಿಕ್ಸ್, 21 ಮೀಟರ್‌ಗೆ ಬಂದಾಗ 50 ಶೇಕಡಾ ಆಕ್ಸಿಜನ್, 6 ಮೀಟರ್‌ನಲ್ಲಿ ಶುದ್ಧ ಆಕ್ಸಿಜನ್. ಇಷ್ಟನ್ನೂ ಲೆಕ್ಕಕ್ಕೆ ತಗೊಳ್ಳದ ಯಂತ್ರ ಎಷ್ಟು ಚೆಂದವಿದ್ದರೂ ಈ ಕೆಲಸಕ್ಕೆ ಬಾರದು.

ನಾವು ನೋಡುವ ವಿಷಯಗಳು ಇವು. ಒಂದು, ಲೆಕ್ಕದ ಮಾದರಿ ಬಹಿರಂಗವಾಗಿರಬೇಕು. ಶಿಯರ್‌ವಾಟರ್, ಗಾರ್ಮಿನ್ ಡಿಸೆಂಟ್ ಎರಡೂ ಬ್ಯೂಲ್ಮನ್ ಲೆಕ್ಕವನ್ನೇ ಬಳಸುತ್ತವೆ. ಜರ್ಮನಿಯ ಹೈನ್‌ರಿಕ್ಸ್ ವೈಕಾಂಪ್ ಕಂಪನಿಯ ಒಎಸ್‌ಟಿಸಿಯ ಫರ್ಮ್‌ವೇರ್ ಓಪನ್ ಸೋರ್ಸ್. ಎರಡು, ಗ್ರೇಡಿಯಂಟ್ ಫ್ಯಾಕ್ಟರ್ ನಾವೇ ಇಡುವಂತಿರಬೇಕು. 30/70 ಅಂದ್ರೆ ಮೊದಲ ನಿಲುಗಡೆ ಬ್ಯೂಲ್ಮನ್ ಮಿತಿಯ 30 ಶೇಕಡಾದಲ್ಲಿ, ನೀರಿನಿಂದ ಹೊರಬರುವುದು 70 ಶೇಕಡಾದಲ್ಲಿ. ಬರೀ ‘ಕಡಿಮೆ, ಮಧ್ಯಮ, ಹೆಚ್ಚು’ ಎಂಬ ಮೂರು ಬಟನ್ ಇದ್ದರೆ ಏನು ಬದಲಾಯಿತು ಅಂತಲೇ ತಿಳಿಯಲ್ಲ. ಮೂರು, ನಿಲುಗಡೆ ತಪ್ಪಿದರೂ ಯಂತ್ರ ಲೆಕ್ಕ ಬಿಡಬಾರದು. ಮೋಜಿನ ಡೈವಿಂಗ್‌ಗೆ ಮಾಡಿದ ಕೆಲವು ಯಂತ್ರಗಳು ನಿಯಮ ಮುರಿದರೆ ಲಾಕ್ ಆಗಿ ಕೂರುತ್ತವೆ. ಸಹಾಯ ಬೇಕಾದ ಹೊತ್ತಲ್ಲೇ ಕೈಕೊಟ್ಟ ಹಾಗೆ. ನಾಲ್ಕು, ಕೈಯಲ್ಲಿ ಎರಡು ಇರಬೇಕು. ಎರಡರಲ್ಲೂ ಒಂದೇ ಮಾದರಿ, ಒಂದೇ ಸೆಟ್ಟಿಂಗ್ ಇರಬೇಕು. ಇಲ್ಲದಿದ್ದರೆ ನೀರಿನಡಿ ಎರಡು ಉತ್ತರ ಸಿಗುತ್ತವೆ.

‘ಕಂಪನಿಯವರು ಪರೀಕ್ಷೆ ಮಾಡಿರ್ತಾರೆ, ನಾವ್ಯಾಕೆ ತಲೆ ಕೆಡಿಸ್ಕೋಬೇಕು’ ಅನ್ನೋರಿಗೆ ಒಂದು ಉದಾಹರಣೆ. 1990ರ ದಶಕದ ಅಲಾದಿನ್ ಏರ್ ಎಕ್ಸ್ ನೈಟ್ರಾಕ್ಸ್ ಎಂಬ ಯಂತ್ರದ ಪ್ರೋಗ್ರಾಂನಲ್ಲಿ ದೋಷವಿತ್ತು. ಡೈವರ್ ಮೇಲೆ ಬಂದು ಮಾಮೂಲಿ ಗಾಳಿ ಉಸಿರಾಡುತ್ತಿದ್ದರೂ, ಇನ್ನೂ ನೈಟ್ರಾಕ್ಸ್ ಉಸಿರಾಡುತ್ತಿದ್ದಾನೆಂದು ಅದು ಲೆಕ್ಕ ಹಾಕುತ್ತಿತ್ತು. ಹಾಗಾಗಿ ದೇಹದ ನೈಟ್ರೋಜನ್ ನಿಜಕ್ಕಿಂತ ಬೇಗ ಹೋದಂತೆ ತೋರುತ್ತಿತ್ತು. 2003ರಲ್ಲಿ ಅದನ್ನು ಹಿಂಪಡೆಯಲಾಯಿತು. ಲೆಕ್ಕ ಗೊತ್ತಿದ್ದವರಿಗೆ ಮಾತ್ರ ಇಂಥ ತಪ್ಪು ಕಣ್ಣಿಗೆ ಬೀಳುತ್ತದೆ.

ಈಗ ಘಟ್ಟದ ವಿಷಯ. ಬೆಳಿಗ್ಗೆ ಸಮುದ್ರದಲ್ಲಿ ಡೈವ್ ಮಾಡಿ, ಸಂಜೆ ಊಟಕ್ಕೆ ಮನೆ ಸೇರೋದು ನಮಗೆ ಸಹಜ. ಕುಮಟಾದಿಂದ ದೇವಿಮನೆ ಘಟ್ಟ ಹತ್ತಿದರೆ ಶಿರಸಿ, ಅಂಕೋಲಾದಿಂದ ಅರಬೈಲ್ ಘಟ್ಟ ಹತ್ತಿದರೆ ಯಲ್ಲಾಪುರ. ಸಿದ್ದಾಪುರವೂ ಘಟ್ಟದ ಮೇಲೇ. ಮೂರೂ ಊರು ಹೆಚ್ಚುಕಡಿಮೆ 500ರಿಂದ 600 ಮೀಟರ್ ಎತ್ತರದಲ್ಲಿವೆ. 600 ಮೀಟರ್‌ನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟಕ್ಕಿಂತ ಸುಮಾರು 70 ಮಿಲಿಬಾರ್ ಕಡಿಮೆ. ಬ್ಯೂಲ್ಮನ್ ಲೆಕ್ಕದಲ್ಲಿ ಅತಿ ನಿಧಾನದ ಕೋಣೆ ಸಮುದ್ರಮಟ್ಟದಲ್ಲಿ ಸುತ್ತಲಿನ ಒತ್ತಡಕ್ಕಿಂತ ಸುಮಾರು 270 ಮಿಲಿಬಾರ್ ಮಾತ್ರ ಹೆಚ್ಚಿಗೆ ತಾಳಬಲ್ಲದು. ಅದರಲ್ಲಿ ಕಾಲುಭಾಗ ಬಸ್ ಸೀಟಲ್ಲಿ ಕೂತೇ ಖರ್ಚಾಯಿತು!

ಇದು ನಮ್ಮ ಕಲ್ಪನೆಯ ಭಯವಲ್ಲ. ಡೈವ್ ಆದಮೇಲೆ ಎತ್ತರಕ್ಕೆ ಹೋಗುವ ಮೊದಲು ಎಷ್ಟು ಕಾಯಬೇಕು ಎಂಬ ಅಮೆರಿಕದ ನೌಕಾಪಡೆಯ ಕೋಷ್ಟಕ 1,000 ಅಡಿಯಿಂದಲೇ, ಅಂದರೆ ಸುಮಾರು 300 ಮೀಟರ್‌ನಿಂದಲೇ ಶುರುವಾಗುತ್ತದೆ. ವಿಮಾನ ಹತ್ತುವ ಮುನ್ನ ಒಂದು ಸಾಮಾನ್ಯ ಡೈವ್‌ಗೆ 12 ತಾಸು, ಹಲವು ಡೈವ್‌ಗೆ 18 ತಾಸು, ನಿಲುಗಡೆ ಬೇಕಾದ ಡೈವ್‌ಗೆ 18 ತಾಸಿಗಿಂತ ಸಾಕಷ್ಟು ಹೆಚ್ಚು ಕಾಯಬೇಕು ಎನ್ನುವುದು ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಸಲಹೆ. ಅದು ಅನ್ವಯವಾಗುವ ಕ್ಯಾಬಿನ್ ಎತ್ತರ 2,000 ಅಡಿಯಿಂದ ಮೇಲೆ. ಶಿರಸಿ ಹೆಚ್ಚುಕಡಿಮೆ ಆ ಗಡಿಯಲ್ಲೇ ಇದೆ. ಬೆಂಗಳೂರಿಗೆ ರಾತ್ರಿ ಬಸ್ ಹಿಡಿಯೋರು 900 ಮೀಟರ್ ದಾಟುತ್ತಾರೆ.

ಆದರೆ ಹಲವು ಯಂತ್ರಗಳಲ್ಲಿ ಇರೋದು ವಿಮಾನ ಹತ್ತಬೇಡಿ ಎಂಬ ಚಿಹ್ನೆ, 24 ತಾಸಿನ ಗಡಿಯಾರ ಅಷ್ಟೇ. ಘಟ್ಟದ ಬಸ್ಸಿಗೆ ಚಿಹ್ನೆ ಇಲ್ಲ! ಹಾಗಾಗಿ ನಮ್ಮ ಐದನೇ ಷರತ್ತು: ನೀರಿನಿಂದ ಹೊರಬಂದ ಮೇಲೂ 16 ಕೋಣೆಗಳ ಸ್ಥಿತಿಯನ್ನು ತೋರಿಸುವ ಯಂತ್ರವೇ ನಮಗೆ ಬೇಕು. ನಿಲುಗಡೆ ಇದ್ದ ಡೈವ್ ಮಾಡಿದ ದಿನ ಯಂತ್ರ ಏನೇ ಹೇಳಲಿ, ರಾತ್ರಿ ಕರಾವಳಿಯಲ್ಲೇ ಉಳಿಯಬೇಕು. ಲಾಡ್ಜ್ ಬಾಡಿಗೆಯನ್ನೂ ಡೈವ್ ಖರ್ಚಿಗೇ ಸೇರಿಸಿಕೊಳ್ಳಿ.

ದುಡ್ಡಿನ ಮಾತು ಬಂದೇ ಬರುತ್ತದೆ. ಇಂಟರ್ನ್‌ಶಿಪ್ ಹಣವನ್ನೆಲ್ಲ ಮೊದಲೇ ಯಂತ್ರಕ್ಕೆ ಸುರಿಯಬೇಡಿ. ಮೊದಲು ತರಬೇತಿ, ಅಲ್ಲಿಯವರೆಗೆ ಬಾಡಿಗೆ ಯಂತ್ರ ಸಾಕು. ಕಲಿಯೋಕೆ ಪುಕ್ಕಟೆ ದಾರಿಯೂ ಇದೆ. ಲಿನಕ್ಸ್ ಬರೆದ ಲಿನಸ್ ಟೋರ್ವಾಲ್ಡ್ಸ್ 2011ರಲ್ಲಿ ಶುರು ಮಾಡಿದ ಸಬ್‌ಸರ್ಫೇಸ್ ಎಂಬ ಡೈವ್ ಲಾಗ್ ತಂತ್ರಾಂಶ ಓಪನ್ ಸೋರ್ಸ್. ಅದರಲ್ಲಿ ಡೈವ್ ಯೋಜನೆ ಹಾಕಿ, ಕೋಡ್ ಓದಿ, ನಿಮ್ಮ ಲೆಕ್ಕದ ಜೊತೆ ಹೋಲಿಸಿ ನೋಡಿ. ಎರಡೂ ಒಂದೇ ಉತ್ತರ ಕೊಟ್ಟ ದಿನ ಅಂಗಡಿಗೆ ಹೋಗಿ. ಅಂಗಡಿಯವರಿಗೆ ಕೇಳಬೇಕಾದ ಪ್ರಶ್ನೆ ಅಷ್ಟರಲ್ಲಿ ನಿಮಗೇ ಗೊತ್ತಿರುತ್ತದೆ.