ಗೆದ್ದವರೂ ಸೋತ ಡಿಸ್ಕ್ ಸಮರ

ಕಳೆದ ದೀಪಾವಳಿಗೆ ಬ್ಯಾಡಗಿಯಲ್ಲಿರುವ ಅಕ್ಕನ ಮನೆಗೆ ಹೋಗಿದ್ದಾಗ ಅಟ್ಟದ ಮೇಲಿನ ಹಳೆಯ ಟ್ರಂಕೊಂದನ್ನು ಕೆಳಗಿಳಿಸಿದೆವು. 1996ರಲ್ಲಿ ನಡೆದ ಅವಳ ಮದುವೆಯ ಎರಡು ವಿಎಚ್‌ಎಸ್ ಕ್ಯಾಸೆಟ್, 2001ರಲ್ಲಿ ಮಗನ ಜವಳ ತೆಗೆಸಿದಾಗಿನ ಮೂರು ವಿಸಿಡಿ, 2009ರ ವಾಸ್ತುಶಾಂತಿಯ ಒಂದು ಡಿವಿಡಿ ಅದರಲ್ಲಿದ್ದವು. ಇವುಗಳಲ್ಲಿ ಒಂದನ್ನಾದರೂ ನೋಡಲು ಆ ಮನೆಯಲ್ಲಿ ಯಂತ್ರವಿರಲಿಲ್ಲ. ಮರುದಿನ ರಾಣೆಬೆನ್ನೂರಿನ ಸ್ಟುಡಿಯೊ ಒಂದಕ್ಕೆ ಎಲ್ಲವನ್ನೂ ಒಯ್ದೆ. ಡಿವಿಡಿ ಪೆನ್‌ಡ್ರೈವ್‌ಗೆ ಇಳಿಯಿತು. ವಿಸಿಡಿಗಳಲ್ಲಿ ಎರಡು ಉಳಿದವು, ಒಂದು ತೆರೆಯಲೇ ಇಲ್ಲ. ಕ್ಯಾಸೆಟ್‌ಗಳನ್ನು ಮುಟ್ಟಲೂ ಸ್ಟುಡಿಯೊದವರು ಒಪ್ಪಲಿಲ್ಲ. 'ಮಷೀನ್ ರಿಪೇರಿ ಮಾಡಾವ್ರ ಇಲ್ಲ ಸರ್, ಕ್ಯಾಸೆಟ್ ತಗೊಂಡು ಏನ್ ಮಾಡೂದು?' ಎಂದರು. ತೀರಿಹೋದ ನಮ್ಮ ತಂದೆ ನಡೆದಾಡುವ, ಮಾತನಾಡುವ ದೃಶ್ಯ ಇರುವುದು ಆ ಕ್ಯಾಸೆಟ್‌ಗಳಲ್ಲಿ ಮಾತ್ರ.

ಇದು ಒಂದು ಮನೆಯ ಕಥೆಯಲ್ಲ. ನಾವು ಕೊಂಡ ವಸ್ತು ಎಷ್ಟು ದಿನ ಬಾಳಬೇಕು ಎಂಬುದನ್ನು ನಮ್ಮನ್ನು ಕೇಳದೆ ನಿರ್ಧರಿಸುವ ವ್ಯವಸ್ಥೆಯ ಕಥೆ. 2006ರಿಂದ 2008ರವರೆಗೆ ನಡೆದ ಎಚ್‌ಡಿ ಡಿವಿಡಿ ಮತ್ತು ಬ್ಲೂ-ರೇ ನಡುವಣ ಪೈಪೋಟಿ ಅದನ್ನು ಚೆನ್ನಾಗಿ ತಿಳಿಸಿಕೊಡುತ್ತದೆ.

ಎರಡರ ಮೂಲತತ್ವವೂ ಒಂದೇ: ಡಿವಿಡಿಯ ಕೆಂಪು ಲೇಸರ್‌ಗೆ ಬದಲಾಗಿ 405 ನ್ಯಾನೋಮೀಟರ್ ತರಂಗಾಂತರದ ನೀಲಿ-ನೇರಳೆ ಲೇಸರ್. ಕಿರಣ ಸೂಕ್ಷ್ಮವಾದಷ್ಟೂ ಅದೇ ಅಳತೆಯ ತಟ್ಟೆಯಲ್ಲಿ ಹೆಚ್ಚು ಮಾಹಿತಿ ಹಿಡಿಯುತ್ತದೆ. ತೋಷಿಬಾ ಮುಂದಾಳುತನದ ಎಚ್‌ಡಿ ಡಿವಿಡಿಯ ಒಂದು ಪದರದಲ್ಲಿ 15 ಗಿಗಾಬೈಟ್, ಸೋನಿ ಬಳಗದ ಬ್ಲೂ-ರೇಯಲ್ಲಿ 25 ಗಿಗಾಬೈಟ್. ಮೊದಲನೆಯದನ್ನು ಹಳೆಯ ಡಿವಿಡಿ ಕಾರ್ಖಾನೆಗಳಲ್ಲೇ ಅಲ್ಪಸ್ವಲ್ಪ ಬದಲಾವಣೆಯೊಂದಿಗೆ ಅಗ್ಗವಾಗಿ ತಯಾರಿಸಬಹುದಿತ್ತು. ಎರಡನೆಯದಕ್ಕೆ ಹೊಸ ಯಂತ್ರಗಳೇ ಬೇಕಿದ್ದವು.

ಆದರೆ ತೀರ್ಪು ಬಂದದ್ದು ಗುಣದ ಮೇಲೂ ಅಲ್ಲ, ಬೆಲೆಯ ಮೇಲೂ ಅಲ್ಲ. ಸೋನಿ 2006ರ ನವೆಂಬರ್‌ನಲ್ಲಿ ತನ್ನ ಪ್ಲೇಸ್ಟೇಷನ್-3 ಆಟದ ಯಂತ್ರದೊಳಗೇ ಬ್ಲೂ-ರೇಯನ್ನು ಕೂರಿಸಿ ಲಕ್ಷಾಂತರ ಮನೆಗಳನ್ನು ಹೊಕ್ಕಿತು. 2007ರ ಆಗಸ್ಟ್‌ನಲ್ಲಿ ಪ್ಯಾರಾಮೌಂಟ್ ಸಂಸ್ಥೆ ಎಚ್‌ಡಿ ಡಿವಿಡಿಯ ಪಕ್ಷ ವಹಿಸಿತು. 2008ರ ಜನವರಿಯಲ್ಲಿ ವಾರ್ನರ್ ಬ್ಲೂ-ರೇ ಕಡೆ ವಾಲಿತು. ಫೆಬ್ರುವರಿಯಲ್ಲಿ ವಾಲ್‌ಮಾರ್ಟ್ ಮಳಿಗೆಗಳೂ ಅದನ್ನೇ ಅನುಸರಿಸಿದವು. ಫೆಬ್ರುವರಿ 19ರಂದು ತೋಷಿಬಾ ಶರಣಾಯಿತು. ಎಚ್‌ಡಿ ಡಿವಿಡಿ ಕೊಂಡವರ ಕೈಯಲ್ಲಿ ಎರಡೇ ವರ್ಷಗಳಲ್ಲಿ ಅನಾಥವಾದ ಯಂತ್ರ ಉಳಿಯಿತು.

ಈ ಸಮರದ ಸದ್ದು ಹಾವೇರಿಯ ಪೇಟೆಗೆ ತಲುಪಲೇ ಇಲ್ಲ. ಆ ದಿನಗಳಲ್ಲಿ ನಮ್ಮ ಊರುಗಳ ಅಂಗಡಿಗಳಲ್ಲಿ ರಾಜ್ಯಭಾರ ಮಾಡುತ್ತಿದ್ದುದು ವಿಸಿಡಿ. ಒಂದು ಸಿನಿಮಾಕ್ಕೆ ಎರಡು-ಮೂರು ತಟ್ಟೆ, ಮಸುಕು ಚಿತ್ರ. ಆದರೂ ಅಗ್ಗ, ಯಾವ ಯಂತ್ರದಲ್ಲಾದರೂ ಓಡುವಂಥದ್ದು. 2007ರಲ್ಲಿ ಮೋಸರ್ ಬೇರ್ ಕಂಪೆನಿ 28 ರೂಪಾಯಿಗೆ ವಿಸಿಡಿ, 34 ರೂಪಾಯಿಗೆ ಡಿವಿಡಿ ಮಾರಲು ತೊಡಗಿದಾಗ ನಕಲಿ ಡಿಸ್ಕ್‌ಗಳ ದಂಧೆಯೇ ಬೆಚ್ಚಿತ್ತು. ಸಾಧಾರಣ ಟಿವಿ, ಕೈಕೊಡುವ ವಿದ್ಯುತ್, ಬಿಗಿಯಾದ ಜೇಬು ಇರುವ ಮನೆಗೆ ನೀಲಿ ಲೇಸರ್ ಏಕೆ ಬೇಕಿತ್ತು? ಕಾದು ನೋಡಿದ ನಮ್ಮ ಜನ ಹಿಂದುಳಿದವರಲ್ಲ, ಲೆಕ್ಕ ಬಲ್ಲವರು.

ಮುಂದೆ ಗೆದ್ದವರಾದರೂ ಏನು ಪಡೆದರು? ಡಿಸ್ಕ್ ಜಾಗಕ್ಕೆ ಪೆನ್‌ಡ್ರೈವ್ ಮತ್ತು ಮೆಮೊರಿ ಕಾರ್ಡ್ ಬಂದವು, 2016ರ ನಂತರ ಅಗ್ಗದ ಡೇಟಾ ಬಂತು. ಮೋಸರ್ ಬೇರ್ 2018ರಲ್ಲಿ ಸಮಾಪನೆಗೆ ಹೋಯಿತು. ಬರೆಯಬಹುದಾದ ಖಾಲಿ ಬ್ಲೂ-ರೇ ಡಿಸ್ಕ್‌ಗಳ ತಯಾರಿಕೆಯನ್ನು ಸ್ವತಃ ಸೋನಿಯೇ 2025ರ ಫೆಬ್ರುವರಿಯಲ್ಲಿ ನಿಲ್ಲಿಸಿತು.

ಈಗ ಎಲ್ಲವೂ ಮೊಬೈಲಿನಲ್ಲೇ ಸಿಗುವಾಗ ತಟ್ಟೆಗಳಿಗಾಗಿ ಕೊರಗುವುದೇಕೆ ಎಂದು ಕೇಳಬಹುದು. ಅನುಕೂಲವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ರಾಣೆಬೆನ್ನೂರಿನ ಸುತ್ತ ಬೀಜೋತ್ಪಾದನೆಯನ್ನು ಕಂಡವರಿಗೆ ಒಂದು ವ್ಯತ್ಯಾಸ ಬೇಗ ಅರ್ಥವಾಗುತ್ತದೆ. ಬ್ಯಾಡಗಿಯ ಕಡ್ಡಿ, ಡಬ್ಬಿ ಮೆಣಸಿನಕಾಯಿಯ ಬೀಜವನ್ನು ರೈತ ತಾನೇ ಎತ್ತಿಟ್ಟು ಮರುವರ್ಷ ಬಿತ್ತಬಲ್ಲ. ಹೈಬ್ರಿಡ್ ಇಳುವರಿ ಹೆಚ್ಚು ಕೊಡಬಹುದು, ಆದರೆ ಬೀಜಕ್ಕಾಗಿ ಪ್ರತಿ ವರ್ಷವೂ ಕಂಪೆನಿಯ ಬಾಗಿಲಿಗೇ ಹೋಗಬೇಕು. 28 ರೂಪಾಯಿಯ ವಿಸಿಡಿ ಎತ್ತಿಟ್ಟ ಬೀಜದಂತೆ: ನೆರೆಮನೆಗೆ ಕೊಡಬಹುದಿತ್ತು, ಮಕ್ಕಳಿಗೆ ಉಳಿಸಬಹುದಿತ್ತು. ಒಟಿಟಿ ಚಂದಾ ಪ್ರತಿ ಹಂಗಾಮಿನ ಹೈಬ್ರಿಡ್ ಬೀಜ. ಕಂಪೆನಿ ಒಂದು ಚಿತ್ರವನ್ನು ತೆಗೆದುಹಾಕಿದರೆ ಅದು ನಮ್ಮ ಪಾಲಿಗಿಲ್ಲ.

ಕನ್ನಡಕ್ಕೆ ಈ ಅಪಾಯ ಇನ್ನೂ ದೊಡ್ಡದು. ದೊಡ್ಡ ವೇದಿಕೆಗಳು ಕನ್ನಡ ಕೃತಿಗಳನ್ನು ಕೊಳ್ಳಲು ಹಿಂಜರಿಯುತ್ತವೆ ಎಂಬ ದೂರು ಚಿತ್ರರಂಗದಲ್ಲಿ ಬಹಳ ದಿನಗಳಿಂದ ಇದೆ. 'ಏಕಂ' ಎಂಬ ಕನ್ನಡ ವೆಬ್ ಸರಣಿಯನ್ನು 2024ರಲ್ಲಿ ನಿರ್ಮಾಪಕರು ತಮ್ಮದೇ ಜಾಲತಾಣದಲ್ಲಿ ಬಿಡುಗಡೆ ಮಾಡಬೇಕಾಯಿತು. ಹೊಸದರ ಗತಿಯೇ ಹೀಗಿದ್ದರೆ, ಸಣ್ಣ ಕಂಪೆನಿಗಳು ಹೊರತಂದ ನಾಟಕ, ಭಜನೆ, ಸೋಬಾನೆಗಳ ಹಳೆಯ ಕ್ಯಾಸೆಟ್, ವಿಸಿಡಿಗಳನ್ನು ಯಾವ ವೇದಿಕೆ ಎತ್ತಿಕೊಂಡೀತು?

ಅಚ್ಚಾದ ಪುಸ್ತಕವನ್ನು ರಾಷ್ಟ್ರೀಯ ಗ್ರಂಥಾಲಯಕ್ಕೆ ಒಪ್ಪಿಸಬೇಕೆಂದು 1954ರ ಕಾಯ್ದೆ ಹೇಳುತ್ತದೆ. ಕ್ಯಾಸೆಟ್, ವಿಸಿಡಿಗಳು ಅದರ ವ್ಯಾಪ್ತಿಗೆ ಬರುವುದಿಲ್ಲ. ಸರ್ಕಾರ ಮನಸ್ಸು ಮಾಡಿದರೆ ದಾರಿ ದೂರವಿಲ್ಲ. ಇದೇ ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವಿದೆ. ಹಳೆಯ ಯಂತ್ರಗಳನ್ನು ದುರಸ್ತಿ ಮಾಡಿ ಇರಿಸಿಕೊಂಡ ಒಂದು ಪರಿವರ್ತನಾ ಕೇಂದ್ರವನ್ನು ಅಲ್ಲಿ ತೆರೆದು, ಜಿಲ್ಲೆಯ ಗ್ರಂಥಾಲಯಗಳ ಮೂಲಕ ಜನರಿಂದ ಸಂಗ್ರಹಿಸಬಹುದು. ಯಾವುದೇ ಒಂದು ಕಂಪೆನಿಯ ಹಂಗಿಲ್ಲದ, ಎಲ್ಲರಿಗೂ ತೆರೆದ ಮಾದರಿಯಲ್ಲಿ ಉಳಿಸಬೇಕೆಂಬುದು ಮೊದಲ ಷರತ್ತಾಗಲಿ.

ಯಾವ ತಟ್ಟೆ ಗೆದ್ದಿತು ಎಂಬುದು ಇಂದು ಯಾರಿಗೂ ಬೇಡವಾದ ಪ್ರಶ್ನೆ. ಅದರ ಮೇಲೆ ಬರೆದದ್ದು ಉಳಿಯಿತೇ ಎಂಬುದು ಮಾತ್ರ ಉಳಿದ ಪ್ರಶ್ನೆ. ಅಕ್ಕನ ಮದುವೆಯ ಕ್ಯಾಸೆಟ್‌ಗಳು ಈಗ ನನ್ನ ಬಳಿ ಇವೆ. ಟೇಪಿಗೆ ಬೂಷ್ಟು ಹಿಡಿಯತೊಡಗಿದೆ. ಇಂಥ ಟ್ರಂಕ್‌ಗಳು ನಮ್ಮ ಮೂರೂ ಊರುಗಳ ಅಟ್ಟಗಳ ಮೇಲೆ ಎಷ್ಟಿವೆಯೋ! ಅವು ಹೆಚ್ಚು ಕಾಲ ಕಾಯಲಾರವು.