ಫಲಿತಾಂಶಕ್ಕೆ ಮೊದಲೇ ಚಿಂತೆಯೇಕೆ?

ಎಸ್ಸೆಸ್ಸೆಲ್ಸಿ ವಿಜ್ಞಾನ ಪರೀಕ್ಷೆ ಬರೆದು ಮನೆಗೆ ಬಂದ ಹುಡುಗನೊಬ್ಬನಿಗೆ ಮಧ್ಯಾಹ್ನದ ಊಟವೇ ರುಚಿಸಲಿಲ್ಲ. ಪೀನ ಮಸೂರದ ರೇಖಾಚಿತ್ರದಲ್ಲಿ ಬೆಳಕಿನ ಕಿರಣಗಳಿಗೆ ಬಾಣದ ಗುರುತು ಹಾಕಿದೆನೋ ಇಲ್ಲವೋ ಎಂಬ ಅನುಮಾನ ಅವನಿಗೆ. ಗೆಳೆಯನಿಗೆ ಫೋನ್ ಮಾಡಿ, 'ಬಾಣ ಹಾಕದಿದ್ದರೆ ಎಷ್ಟು ಅಂಕ ಕಳೆಯುತ್ತಾರೆ?' ಎಂದು ಕೇಳಿದ. 'ಅರ್ಧ ಅಂಕ ಇರಬಹುದು' ಎಂದು ಉತ್ತರ ಬಂತು. ಸಮಾಧಾನವಾಯಿತು. ಅರ್ಧ ಗಂಟೆಯೊಳಗೆ, 'ಇರಬಹುದು ಎಂದನೇ ಹೊರತು ಖಂಡಿತ ಎನ್ನಲಿಲ್ಲವಲ್ಲ' ಎಂದು ಮತ್ತೆ ಕಳವಳ. ಪಕ್ಕದ ಮನೆಯ ಪಿಯುಸಿ ಅಕ್ಕನನ್ನು ಕೇಳಿದ. ಗೈಡ್ ತೆರೆದು ನೋಡಿದ. ಪ್ರಶ್ನೆಪತ್ರಿಕೆಯ ಅಂಚಿನಲ್ಲಿ ಬರಬಹುದಾದ ಅಂಕಗಳನ್ನು ಮೂರು ಸಲ ಕೂಡಿದ. ಮೂರು ಸಲವೂ ಬೇರೆ ಬೇರೆ ಮೊತ್ತ ಬಂತು. ಅಷ್ಟರಲ್ಲಿ ರಾತ್ರಿಯಾಗಿತ್ತು. ಎರಡು ದಿನ ಕಳೆದರೆ ಸಮಾಜ ವಿಜ್ಞಾನದ ಪರೀಕ್ಷೆ. ಆ ಪುಸ್ತಕ ಮಾತ್ರ ಮೇಜಿನ ಮೇಲೆ ಮುಚ್ಚಿದಂತೆಯೇ ಇತ್ತು.

ಚಿತೆಗೂ ಚಿಂತೆಗೂ ಒಂದು ಸೊನ್ನೆಯಷ್ಟೇ ವ್ಯತ್ಯಾಸ ಎಂದು ಹಿರಿಯರು ಹೇಳುತ್ತಾರೆ. ಈ ಹುಡುಗನನ್ನು ಸುಡುತ್ತಿದ್ದುದು ಯಾವುದು? ಅರ್ಧ ಅಂಕವೇ? ಇರಲಾರದು. ಅರ್ಧ ಅಂಕ ಹೋಯಿತೆಂದು ಖಚಿತವಾಗಿ ತಿಳಿದಿದ್ದರೆ ಅವನು ಸಂಜೆಯೊಳಗೆ ಅದನ್ನು ಮರೆಯುತ್ತಿದ್ದ. ಹೋಯಿತೋ ಇಲ್ಲವೋ ತಿಳಿಯದಿರುವುದೇ ಅವನಿಗೆ ಸಹಿಸಲಾಗದ ಸಂಗತಿಯಾಗಿತ್ತು.

ಕಲ್ಲಿನಡಿಯ ಹಾವು

ಇದನ್ನು ಪರೀಕ್ಷಿಸಿ ನೋಡಿದ ಒಂದು ಪ್ರಯೋಗವಿದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 45 ಮಂದಿ ಸ್ವಯಂಸೇವಕರನ್ನು ಕಂಪ್ಯೂಟರ್ ಆಟವೊಂದಕ್ಕೆ ಕೂರಿಸಿದರು. ತೆರೆಯ ಮೇಲೆ ಕಾಣುವ ಕಲ್ಲಿನ ಕೆಳಗೆ ಹಾವಿದೆಯೋ ಇಲ್ಲವೋ ಎಂದು ಅವರು ಊಹಿಸಬೇಕು. ಹಾವಿದ್ದರೆ ಕೈಗೆ ನೋವಾಗುವಂತಹ ಸಣ್ಣ ವಿದ್ಯುತ್ ಆಘಾತ. ಆಟದುದ್ದಕ್ಕೂ ಅವರ ಬೆವರು ಮತ್ತು ಕಣ್ಣಿನ ಪಾಪೆಯ ಹಿಗ್ಗುವಿಕೆಯನ್ನು ಅಳೆಯಲಾಯಿತು. 2016ರಲ್ಲಿ ಪ್ರಕಟವಾದ ಫಲಿತಾಂಶ ಕುತೂಹಲಕರವಾಗಿತ್ತು. ಆಘಾತ ಖಂಡಿತ ಎಂದು ಗೊತ್ತಿದ್ದಾಗ ಇದ್ದ ಒತ್ತಡಕ್ಕಿಂತ, ಅದರ ಸಂಭವ ಶೇಕಡ 50ರಷ್ಟಿದ್ದಾಗ ಉಂಟಾದ ಒತ್ತಡವೇ ಹೆಚ್ಚು! ಅಂದರೆ ಖಚಿತವಾದ ನೋವಿಗಿಂತ ಅನಿಶ್ಚಿತವಾದ ನೋವು ದೇಹವನ್ನು ಹೆಚ್ಚು ಕಾಡಿತು.

ಅನಿಶ್ಚಿತತೆ ಎಲ್ಲರಿಗೂ ಇರಿಸುಮುರಿಸೇ. ಆದರೆ ಕೆಲವರಿಗೆ ಅದು ವಿಪರೀತವೆನಿಸುತ್ತದೆ. ಕೆನಡಾದ ಕ್ವಿಬೆಕ್‌ನಲ್ಲಿರುವ ಲಾವಾಲ್ ವಿಶ್ವವಿದ್ಯಾಲಯದ ಮನೋವಿಜ್ಞಾನಿಗಳಾದ ಮಾರ್ಕ್ ಫ್ರೀಸ್ಟನ್, ರಾಬರ್ಟ್ ಲಾದೂಸರ್, ಮಿಶೆಲ್ ದ್ಯುಗಾ ಮತ್ತು ಸಂಗಡಿಗರು 1994ರಲ್ಲಿ ಇದನ್ನು ಅಳೆಯಲು 27 ಹೇಳಿಕೆಗಳ ಪ್ರಶ್ನಾವಳಿಯೊಂದನ್ನು ಪ್ರಕಟಿಸಿದರು. ಈ ಗುಣಕ್ಕೆ 'ಅನಿಶ್ಚಿತತೆಯ ಅಸಹನೆ' ಎಂದು ಹೆಸರು. ಇದು ಹೆಚ್ಚಾಗಿರುವವರಲ್ಲಿ ಚಿಂತೆಯೂ ಹೆಚ್ಚು ಎಂಬುದು ಕಂಡುಬಂತು. ಎರಡು ಸಂಗತಿಗಳು ಜೊತೆಯಲ್ಲಿರುವುದರಿಂದಲೇ ಒಂದು ಇನ್ನೊಂದಕ್ಕೆ ಕಾರಣವೆಂದು ಹೇಳಲಾಗದು. ಆದರೆ ಅನಿಶ್ಚಿತತೆಯನ್ನು ಸಹಿಸುವ ಅಭ್ಯಾಸ ಮಾಡಿಸಿದಾಗ ರೋಗಿಗಳ ಚಿಂತೆಯೂ ತಗ್ಗಿದ್ದು ಮುಂದಿನ ವರ್ಷಗಳ ಚಿಕಿತ್ಸಾ ಅಧ್ಯಯನಗಳಲ್ಲಿ ತಿಳಿಯಿತು.

ಇದನ್ನು ಅಲರ್ಜಿಗೆ ಹೋಲಿಸಬಹುದು. ರಸ್ತೆಬದಿಯ ಪಾರ್ಥೇನಿಯಂ ಗಿಡದ ಪರಾಗ ಎಲ್ಲರ ಮೂಗಿಗೂ ತಾಗುತ್ತದೆ. ಒಬ್ಬರು ಸುಮ್ಮನೆ ನಡೆದುಹೋಗುತ್ತಾರೆ, ಇನ್ನೊಬ್ಬರು ಇಡೀ ದಿನ ಸೀನುತ್ತಾರೆ. ಪರಾಗ ಒಂದೇ, ದೇಹ ತೋರುವ ಪ್ರತಿಕ್ರಿಯೆ ಬೇರೆ. ಪರಾಗವೇ ಇಲ್ಲದ ಊರು ಸಿಗುವುದಿಲ್ಲ. ಅನಿಶ್ಚಿತತೆ ಇಲ್ಲದ ದಿನವೂ ಸಿಗುವುದಿಲ್ಲ.

ಕೆರೆದಷ್ಟೂ ತುರಿಕೆ

ಹುಡುಗ ಮಾಡಿದ ತಪ್ಪೇನು? ಖಚಿತತೆ ಸಿಕ್ಕಿದರೆ ಚಿಂತೆ ಹೋಗುತ್ತದೆ ಎಂದುಕೊಂಡ. ಕೇಳಿದ, ಲೆಕ್ಕ ಹಾಕಿದ, ಮತ್ತೆ ಕೇಳಿದ. ಇದು ಕಜ್ಜಿ ಕೆರೆದಂತೆ. ಕೆರೆಯುವಾಗ ಹಿತ, ಕೈ ತೆಗೆದೊಡನೆ ಮೊದಲಿಗಿಂತ ಹೆಚ್ಚು ತುರಿಕೆ. ಪ್ರತಿ ಬಾರಿ ಉತ್ತರ ಹುಡುಕಿದಾಗಲೂ, 'ತಿಳಿಯದಿದ್ದರೆ ಇರಲಾಗದು' ಎಂಬ ಪಾಠವನ್ನೇ ಮನಸ್ಸು ಕಲಿಯುತ್ತದೆ.

ಹಾಗೆಂದು ಎಲ್ಲ ಚಿಂತೆಯೂ ವ್ಯರ್ಥವೇ? ಅಲ್ಲ. ಲಂಡನ್ ಪ್ರಯೋಗದಲ್ಲಿ, ಅನಿಶ್ಚಿತತೆಗೆ ತಕ್ಕಂತೆ ಯಾರ ಒತ್ತಡ ಏರಿಳಿಯುತ್ತಿತ್ತೋ ಅವರ ಊಹೆಗಳೇ ಹೆಚ್ಚು ಸರಿಯಾಗಿದ್ದವು. ಪರೀಕ್ಷೆಗೆ ಮುನ್ನ ತುಸು ಕಳವಳವಿದ್ದರೆ ವಿದ್ಯಾರ್ಥಿ ಪುಸ್ತಕ ತೆರೆಯುತ್ತಾನೆ. ಯಾವ ಚಿಂತೆಗೆ ಇಂದು ಮಾಡಬಹುದಾದ ಕೆಲಸವಿದೆಯೋ ಆ ಕೆಲಸ ಮಾಡಬೇಕು. ಯಾವುದಕ್ಕೆ ಕಾಯುವುದೊಂದೇ ದಾರಿಯೋ ಅದನ್ನು ಕಾಯಲು ಬಿಡಬೇಕು.

ಸಹಿಸುವ ಅಭ್ಯಾಸ

ಈಜಿನಂತೆ ಇದನ್ನೂ ಸ್ವಲ್ಪ ಸ್ವಲ್ಪವಾಗಿ ಕಲಿಯಬಹುದು. ಬರೆದು ಮುಗಿಸಿದ ಪ್ರಶ್ನೆಪತ್ರಿಕೆಯನ್ನು ಎಲ್ಲ ಪರೀಕ್ಷೆಗಳೂ ಮುಗಿಯುವತನಕ ಅಮ್ಮನ ಕೈಗೆ ಕೊಟ್ಟುಬಿಡುವುದು ಒಂದು ಅಭ್ಯಾಸ. ಗೆಳೆಯನಿಗೆ ಕಳಿಸಿದ ಸಂದೇಶಕ್ಕೆ ಉತ್ತರ ಬಂತೇ ಎಂದು ಒಂದು ಗಂಟೆ ನೋಡದಿರುವುದು ಇನ್ನೊಂದು. ಮೊದಲ ಕಾಲು ಗಂಟೆ ಚಡಪಡಿಕೆಯಾಗುತ್ತದೆ. ಏನೂ ಮಾಡದಿದ್ದರೂ ಅದು ತಾನಾಗಿ ಇಳಿಯುವುದನ್ನು ಹುಡುಗನೇ ಕಾಣುತ್ತಾನೆ.

ಪ್ರಾಕ್ಟಿಕಲ್ ರೆಕಾರ್ಡಿನಂತೆ ಒಂದು ಪುಸ್ತಕವನ್ನೂ ಇಡಬಹುದು. ಎಡಬದಿಯಲ್ಲಿ, ಏನಾಗುತ್ತದೆಂಬ ಭಯ. ಬಲಬದಿಯಲ್ಲಿ, ಕೊನೆಗೆ ಆದದ್ದೇನು. ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು ತೀವ್ರ ಚಿಂತೆಯ ತೊಂದರೆಯಿದ್ದ 29 ಜನರಿಂದ ಹೀಗೆಯೇ ಬರೆಸಿ, 2020ರಲ್ಲಿ ಫಲಿತಾಂಶ ಪ್ರಕಟಿಸಿದರು. ನೂರು ಭಯಗಳಲ್ಲಿ ಸುಮಾರು 91 ನಿಜವಾಗಲೇ ಇಲ್ಲ.

ಪೋಷಕರ ಪಾತ್ರ ಇಲ್ಲಿ ದೊಡ್ಡದು. 'ಏನೂ ಆಗಲ್ಲ, ತೊಂಬತ್ತು ಬಂದೇ ಬರುತ್ತೆ' ಎನ್ನುವುದು ಪ್ರೀತಿಯ ಮಾತೇ. ಆದರೆ ಅದು ಯಾರೂ ಕೊಡಲಾಗದ ಭರವಸೆ, ಮಗುವಿಗೂ ಅದು ಗೊತ್ತು. ದಿನವೂ ಊಟದ ಹೊತ್ತಿಗೆ 'ಎಷ್ಟು ಬರಬಹುದು?' ಎಂದು ಕೇಳುವ ತಂದೆ ತಮ್ಮ ಚಿಂತೆಯನ್ನೇ ಮಗನ ತಟ್ಟೆಗೆ ಬಡಿಸುತ್ತಿರುತ್ತಾರೆ. ಅದರ ಬದಲು, 'ನನಗೂ ಗೊತ್ತಿಲ್ಲ ಮಗಾ, ಫಲಿತಾಂಶದ ದಿನ ಎಲ್ಲರೂ ನೋಡೋಣ. ಎಷ್ಟೇ ಬಂದರೂ ಮುಂದಿನ ದಾರಿ ಕೂತು ಮಾತಾಡೋಣ. ಈಗ ಊಟ ಮಾಡು' ಎಂದರೆ ಸಾಕು. ನಿದ್ದೆ, ಊಟ, ಓದು ಎಲ್ಲವೂ ಕೆಡುವಷ್ಟು ಚಿಂತೆ ವಾರಗಟ್ಟಲೆ ಮುಂದುವರಿದರೆ, ಅದನ್ನು ಹಟವೆಂದೋ ಸೋಮಾರಿತನವೆಂದೋ ತಿಳಿಯದೆ ವೈದ್ಯರ ಸಲಹೆ ಪಡೆಯಬೇಕು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಉಚಿತ ಸಹಾಯವಾಣಿಯ ಸಂಖ್ಯೆ 14416. ಅಲ್ಲಿ ಕನ್ನಡದಲ್ಲೂ ಮಾತನಾಡಬಹುದು.

ಮಿಲಿಮೀಟರ್ ಗೆರೆಗಳಿರುವ ಸ್ಕೇಲಿನಿಂದ ಪೆನ್ಸಿಲ್ ಅಳೆದಾಗ ಅದರ ತುದಿ 14.3 ಮತ್ತು 14.4 ಸೆಂಟಿಮೀಟರ್ ಗೆರೆಗಳ ನಡುವೆ ನಿಲ್ಲಬಹುದು. ವರ್ನಿಯರ್ ಕ್ಯಾಲಿಪರ್ಸ್ ತಂದರೆ ಇನ್ನೊಂದು ಅಂಕಿ ತಿಳಿಯುತ್ತದೆ, ಅದರಾಚೆಯದು ತಿಳಿಯುವುದಿಲ್ಲ. ಯಾವ ಉಪಕರಣವೂ ಅನಿಶ್ಚಿತತೆಯನ್ನು ಪೂರ್ತಿ ಅಳಿಸದು. ವಿಜ್ಞಾನ ಅದಕ್ಕಾಗಿ ಕೈಕಟ್ಟಿ ಕುಳಿತಿಲ್ಲ. ಎಷ್ಟು ಗೊತ್ತು, ಎಷ್ಟು ಗೊತ್ತಿಲ್ಲ ಎಂದು ಬರೆದಿಟ್ಟು ಮುಂದಿನ ಕೆಲಸಕ್ಕೆ ತೊಡಗುತ್ತದೆ. ರೈತನೂ ಮಳೆಯ ಭರವಸೆ ಪತ್ರ ಪಡೆದು ಮುಂಗಾರು ಬಿತ್ತನೆ ಮಾಡುವುದಿಲ್ಲ.

ಬಾಣ ಹಾಕಿದ್ದೋ ಬಿಟ್ಟದ್ದೋ, ವಿಜ್ಞಾನದ ಉತ್ತರಪತ್ರಿಕೆ ಈಗ ಹುಡುಗನ ಕೈಯಲ್ಲಿಲ್ಲ. ಸಮಾಜ ವಿಜ್ಞಾನದ ಪುಸ್ತಕ ಮಾತ್ರ ಮೇಜಿನ ಮೇಲೇ ಇದೆ. ಅದನ್ನು ತೆರೆಯಲು ಇನ್ನೂ ಎರಡು ದಿನಗಳಿವೆ.